ತಗ್ಗಿಸಿದ ಪಿಕಪ್‌ನ ಹಿಂಭಾಗ: ಮೊದಲು ಚಪಾತಿ ಹಿಟ್ಟು, ಆಮೇಲೆ ಸ್ಪ್ಯಾನರ್

ಮಳೆಗಾಲ ಹಿಡಿಯುವ ಮುಂಚೆ ಹುಡುಗನೊಬ್ಬ ತನ್ನ ಪಿಕಪ್ಪನ್ನು ಉಡುಪಿಯ ನಮ್ಮ ಗ್ಯಾರೇಜಿಗೆ ತಂದು ನಿಲ್ಲಿಸಿದ. ಸೆಕೆಂಡ್‌ಹ್ಯಾಂಡ್ ಗಾಡಿ. ಹಿಂದಿನ ಮಾಲೀಕ ಅದರ ಹಿಂಭಾಗವನ್ನು ನೆಲದ ಹತ್ತಿರಕ್ಕೆ ಇಳಿಸಿ, ಅಗಲದ ಟೈರು ಹಾಕಿ, ಒಳ್ಳೆಯ ಬೆಲೆಗೆ ಮಾರಿದ್ದ. “ಅಣ್ಣಾ, ಹಿಂದಿನ ಪ್ಲೇಟ್ ತುಂಬಾ ಗಟ್ಟಿ. ಹಂಪ್ ಬಂದರೆ ಸೊಂಟ ಮುರಿಯುತ್ತದೆ. ಎರಡು ಪ್ಲೇಟ್ ತೆಗೆದು ಮೆತ್ತಗೆ ಮಾಡಿ ಕೊಡಿ” ಎಂದ. ಪ್ಲೇಟ್ ಎಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಹಿಂದಿನ ಸ್ಪ್ರಿಂಗ್. ಟಾರ್ಚ್ ಹಿಡಿದು ಅಡಿಗೆ ನುಸುಳಿ ನೋಡಿದೆ. ಹಿಂದಿನ ಆಕ್ಸಲ್‌ನ ಕವಚವಾದ ಹೌಸಿಂಗ್‌ಗೂ, ಗಾಡಿಯ ಚೌಕಟ್ಟಾದ ಚಾಸಿಸ್‌ನ ಕೆಳಗೆ ಏಟು ತಡೆಯಲು ಇರುವ ಬಂಪ್ ರಬ್ಬರ್‌ಗೂ ನಡುವೆ ಎರಡು ಬೆರಳು ತೂರುವಷ್ಟೇ ಜಾಗ ಉಳಿದಿತ್ತು. ಸ್ಪ್ರಿಂಗ್ ತನ್ನ ಕೆಲಸ ಶುರು ಮಾಡುವಷ್ಟರಲ್ಲೇ ಕಬ್ಬಿಣ ಹೋಗಿ ರಬ್ಬರಿಗೆ ಬಡಿಯುತ್ತಿತ್ತು. ಅವನು ಹೇಳಿದಂತೆ ಎರಡು ಪ್ಲೇಟ್ ತೆಗೆದಿದ್ದರೆ ಆ ಎರಡು ಬೆರಳಿನ ಜಾಗವೂ ಹೋಗುತ್ತಿತ್ತು.

ತಗ್ಗಿಸಿದ ಗಾಡಿಯ ಹಿಂಭಾಗದ ಬಗ್ಗೆ ನನ್ನ ಬಳಿ ಬರುವ ಹತ್ತು ದೂರುಗಳಲ್ಲಿ ಎಂಟು ಇದೇ ಬಗೆಯವು. ಎಲ್ಲರೂ ಮೆತ್ತನೆಯ ಸ್ಪ್ರಿಂಗ್ ಕೇಳುತ್ತಾರೆ, ಗಾಡಿ ಕೇಳುವುದು ಜಾಗವನ್ನು. ಆ ಜಾಗ ಎಷ್ಟಿದೆ, ಎಷ್ಟು ಬೇಕು, ಎಲ್ಲಿಂದ ತರಬಹುದು ಎಂಬ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೊಲೆರೊ ಪಿಕಪ್, ಟಾಟಾ ಏಸ್, ಇಸುಜು ಡಿ-ಮ್ಯಾಕ್ಸ್, ಯಾವುದಾದರೂ ಆಗಲಿ, ಹಿಂದೆ ಪ್ಲೇಟ್ ಸೆಟ್ ಇರುವ ಗಾಡಿಗೆಲ್ಲ ಲೆಕ್ಕ ಒಂದೇ.

ಕಾಗದದ ವಿಷಯ ಮೊದಲೇ ಮುಗಿಸಿಬಿಡೋಣ

ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ಮಾಲೀಕನು ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ಹೇಳುತ್ತದೆ. ಸರಕು ಗಾಡಿಯಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ, ಹೋಗಲೇಬೇಕು. ಅಲ್ಲಿ ಗಾಡಿ ತಗ್ಗಿಸಲು ಹೌಸಿಂಗ್‌ಗೂ ಪ್ಲೇಟ್ ಸೆಟ್‌ಗೂ ನಡುವೆ ತುರುಕಿದ ಬ್ಲಾಕ್ ಕಣ್ಣಿಗೆ ಬೀಳದೆ ಇರುವುದಿಲ್ಲ. ಅಪಘಾತವಾದರೆ ವಿಮೆಯವರೂ ಅದನ್ನೇ ಮೊದಲು ನೋಡುತ್ತಾರೆ.

ಹಾಗಾಗಿ ದಿನವೂ ಮಲ್ಪೆಗೋ ಮಂಗಳೂರಿನ ಮೀನಿನ ಧಕ್ಕೆಗೋ ಹೋಗಿ ಬರುವ ಬಾಡಿಗೆ ಗಾಡಿಯಾದರೆ ನನ್ನ ಸಲಹೆ ಒಂದೇ: ತಗ್ಗಿಸಿದ್ದನ್ನು ಪೂರ್ತಿ ಬಿಚ್ಚಿ ಮೂಲ ಎತ್ತರಕ್ಕೆ ತನ್ನಿ. ಕೆಳಗೆ ಹೇಳುವ ಅಳತೆ, ಜೋಡಣೆ, ಬ್ರೇಕಿನ ಕೆಲಸ ಅದಕ್ಕೂ ಅಷ್ಟೇ ಬೇಕಾಗುತ್ತದೆ. ಪ್ರದರ್ಶನಕ್ಕೆ, ಸ್ವಂತ ತೋಟದೊಳಗೆ ಓಡಿಸಲು ತಗ್ಗಿಸಿದ ಗಾಡಿಯನ್ನೇ ಇಟ್ಟುಕೊಳ್ಳುವವರು ಪೂರ್ತಿ ಓದಿ.

ತೊಳೆಯದೆ ಏನನ್ನೂ ನೋಡಬೇಡಿ

ನಮ್ಮ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಚೀಚೆ ಮಳೆ, ಉಳಿದ ದಿನ ಉಪ್ಪುಗಾಳಿ. ಮೀನು ಹೊತ್ತ ಗಾಡಿಯಾದರೆ ಕರಗಿದ ಐಸಿನ ಉಪ್ಪುನೀರು ನೇರ ಪ್ಲೇಟ್ ಸೆಟ್ ಮೇಲೆಯೇ ಸುರಿದಿರುತ್ತದೆ. ಪ್ಲೇಟುಗಳ ನಡುವೆ ತುಕ್ಕು ಪದರಗಟ್ಟಿ ಉಬ್ಬಿ, ಬದಿಯಿಂದ ನೋಡಿದರೆ ಹಳೆಯ ಪುಸ್ತಕ ನೆನೆದು ಒಣಗಿದಂತೆ ಕಾಣುತ್ತದೆ. ನೀರಿನ ಪ್ರೆಶರ್‌ನಲ್ಲಿ ತೊಳೆದು, ವೈರ್ ಬ್ರಶ್ ಹಾಕಿ, ಒಣಗಿದ ಮೇಲೆ ನೋಡಿ. ಬಿರುಕು ಸಾಮಾನ್ಯವಾಗಿ ಮೂರು ಕಡೆ ಹುಟ್ಟುತ್ತದೆ: ಪ್ಲೇಟುಗಳನ್ನು ನಡುವಲ್ಲಿ ಸೇರಿಸುವ ಸೆಂಟರ್ ಬೋಲ್ಟ್‌ನ ತೂತಿನಲ್ಲಿ, ಸೆಟ್ಟನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್ ಒತ್ತುವ ಅಂಚಿನಲ್ಲಿ, ಮೇನ್ ಪ್ಲೇಟ್‌ನ ತುದಿಯಲ್ಲಿ ಬೋಲ್ಟ್ ಕೂರುವ ಕಣ್ಣಿನ ಬುಡದಲ್ಲಿ. ಪ್ಲೇಟನ್ನು ಬಿಚ್ಚಿ ನೇತುಹಾಕಿ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಪ್ಲೇಟ್ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ. ಅಂಥದ್ದು ಸಿಕ್ಕರೆ ಬೇರೆ ಯೋಚನೆ ಬೇಡ, ಹೊಸ ಪ್ಲೇಟ್ ತನ್ನಿ.

ಹಿಟ್ಟು, ಸಿಮೆಂಟ್ ಮತ್ತು ಒಂದು ಸ್ಕೇಲ್

ಗಾಡಿಯನ್ನು ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಖಾಲಿ ನಿಲ್ಲಿಸಿ. ಟೈರಿನ ಗಾಳಿ ಸರಿ ಮಾಡಿ. ಹೌಸಿಂಗ್ ಹೋಗಿ ಬಂಪ್ ರಬ್ಬರ್‌ಗೆ ತಾಗುವ ಜಾಗದ ಎತ್ತರವನ್ನು ಎರಡೂ ಬದಿಯಲ್ಲಿ ಅಳೆಯಿರಿ. ಹುಡುಗನ ಗಾಡಿಯಲ್ಲಿ ಅದು 28 ಮಿಲಿಮೀಟರ್.

ಈಗ ಹಿಂದಿನ ಆಕ್ಸಲ್‌ನ ನೇರ ಮೇಲೆ ನಾಲ್ಕು ಮೂಟೆ ಸಿಮೆಂಟ್ ಇಡಿ. ಮೂಟೆಗೆ 50 ಕಿಲೋ, ಒಟ್ಟು 200. ಗಾಡಿಯನ್ನು ಎರಡು ಸಲ ಅಲುಗಾಡಿಸಿ ನೆಲೆಗೊಳ್ಳಲು ಬಿಟ್ಟು ಮತ್ತೆ ಅಳೆಯಿರಿ. ನಮ್ಮಲ್ಲಿ ಉಳಿದದ್ದು 3 ಮಿಲಿಮೀಟರ್. ಅಂದರೆ 200 ಕಿಲೋಗೆ 25 ಮಿಲಿಮೀಟರ್ ತಗ್ಗಿತು. ಮಿಲಿಮೀಟರಿಗೆ 8 ಕಿಲೋ, ಒಂದು ಬದಿಯ ಪ್ಲೇಟ್ ಸೆಟ್‌ಗೆ 4 ಕಿಲೋ. ನಿಮ್ಮ ಸ್ಪ್ರಿಂಗಿನ ಗಟ್ಟಿತನ ತಿಳಿಯಲು ಇದಕ್ಕಿಂತ ದೊಡ್ಡ ಯಂತ್ರ ಬೇಕಿಲ್ಲ. ನಾಲ್ಕು ಮೂಟೆ ಸಿಮೆಂಟಿಗೇ ಸೋಲುವ ಪಿಕಪ್ಪನ್ನು ಪಿಕಪ್ ಎಂದು ಕರೆಯಬೇಕೇ ಎಂದು ನಾನು ಹುಡುಗನನ್ನು ಕೇಳಿದೆ. ಅವನು ನಗಲಿಲ್ಲ.

ನಿಂತಾಗಿನ ಅಳತೆ ಅರ್ಧ ಕಥೆ. ಓಡುವಾಗ ಎಷ್ಟು ಮೇಲೇಳುತ್ತದೆ ಎಂದು ತಿಳಿಯಬೇಕಾದರೆ ಚಪಾತಿ ಹಿಟ್ಟು ಬೇಕು. ಸ್ವಲ್ಪ ಗಟ್ಟಿಯಾಗಿ ಕಲಸಿದ ಮುದ್ದೆಯನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಂಪ್ ರಬ್ಬರ್‌ನ ನೇರ ಕೆಳಗೆ ಹೌಸಿಂಗ್ ಮೇಲೆ ಟೇಪ್ ಹಾಕಿ ಕೂರಿಸಿ. ನಿಮ್ಮ ಎಂದಿನ ದಾರಿಯಲ್ಲಿ ಎಂದಿನ ವೇಗದಲ್ಲಿ ಹೋಗಿ ಬನ್ನಿ. ಮರಳಿದ ಮೇಲೆ ಮುದ್ದೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಜಾಗ ದಾರಿಯಲ್ಲಿ ಅತಿ ಕಷ್ಟದ ಕ್ಷಣದಲ್ಲಿ ಉಳಿದಿತ್ತು ಎಂದರ್ಥ. ಹುಡುಗನ ಹಿಟ್ಟು ಹಪ್ಪಳವಾಗಿ ಬಂತು. (ಒಮ್ಮೆ ಗ್ಯಾರೇಜಿನ ನಾಯಿ ನನ್ನ ಅಳತೆಯನ್ನು ತಿಂದುಬಿಟ್ಟಿತ್ತು. ಅಂದಿನಿಂದ ಹಿಟ್ಟಿಗೆ ಒಂದು ಚಮಚ ಮೆಣಸಿನ ಪುಡಿ ಹಾಕುತ್ತೇನೆ.)

ಎಷ್ಟು ಜಾಗ ಬೇಕು? ನೀವು ಹೊರುವ ಅತಿ ಹೆಚ್ಚು ಭಾರಕ್ಕೆ ಗಾಡಿ ತಗ್ಗುವಷ್ಟು, ಅದರ ಮೇಲೆ ರಸ್ತೆಯ ಏಟಿಗೆ ಕನಿಷ್ಠ 35 ಮಿಲಿಮೀಟರ್. ಈ 35 ನನ್ನ ಕೈಯ ಲೆಕ್ಕ, ನಮ್ಮ ಒಳರಸ್ತೆಗಳನ್ನು ನೋಡಿ ಕಂಡುಕೊಂಡದ್ದು. ಆಕ್ಸಲ್ ಮೇಲೆ 600 ಕಿಲೋ ಬರುತ್ತದೆ ಎಂದಾದರೆ, ಮಿಲಿಮೀಟರಿಗೆ 8 ಕಿಲೋದಂತೆ, 75ಕ್ಕೆ 35 ಸೇರಿ 110 ಮಿಲಿಮೀಟರ್ ಬೇಕು. ಹುಡುಗನ ಗಾಡಿಯಲ್ಲಿ ಬ್ಲಾಕ್ ಪೂರ್ತಿ ತೆಗೆದರೂ ಅಷ್ಟು ಬರುವುದಿಲ್ಲ. ಅಂಥ ಕೆಲಸಕ್ಕೆ ತಗ್ಗಿಸಿದ ಗಾಡಿ ಆಗದು, ಅಷ್ಟೆ. ಅವನು ಗಾಡಿಯನ್ನು ತನ್ನ ತೋಟದೊಳಗೆ ಮಾತ್ರ ಓಡಿಸುವುದಾಗಿ, 300 ಕಿಲೋಗಿಂತ ಹೆಚ್ಚು ಹೊರುವುದಿಲ್ಲವೆಂದು ಒಪ್ಪಿದ. ಆಗ 38ಕ್ಕೆ 35 ಸೇರಿ 73. ಇರುವುದು 28. ಇನ್ನು 45 ಮಿಲಿಮೀಟರ್ ಎಲ್ಲಿಂದಾದರೂ ಹುಡುಕಬೇಕು.

ಯಾರು ಮೇಲೆ, ಯಾರು ಕೆಳಗೆ

ಹುಡುಕುವ ಮೊದಲು ಪ್ಲೇಟ್ ಸೆಟ್ ಹೌಸಿಂಗ್‌ನ ಮೇಲೆ ಕೂತಿದೆಯೇ, ಕೆಳಗೆ ನೇತಾಡುತ್ತಿದೆಯೇ ನೋಡಿ. ಇಲ್ಲಿ ಎಡವಿದವರನ್ನು ಬಹಳ ಕಂಡಿದ್ದೇನೆ. ಪ್ಲೇಟ್ ಕೆಳಗಿದ್ದರೆ ಅದಕ್ಕೂ ಹೌಸಿಂಗ್‌ಗೂ ನಡುವೆ ಬ್ಲಾಕ್ ಇಟ್ಟಾಗ ಗಾಡಿ ತಗ್ಗುತ್ತದೆ. ಪ್ಲೇಟ್ ಮೇಲಿದ್ದರೆ ಅದೇ ಬ್ಲಾಕ್ ಗಾಡಿಯನ್ನು ಎತ್ತುತ್ತದೆ. ಅಂತರ್ಜಾಲದಲ್ಲಿ ವಿಡಿಯೊ ನೋಡಿ ಬ್ಲಾಕ್ ತರಿಸಿಕೊಂಡು, ಗಾಡಿ ಎರಡು ಇಂಚು ಮೇಲೆದ್ದದ್ದನ್ನು ಕಂಡು ತಲೆ ಕೆರೆದುಕೊಂಡವರಿದ್ದಾರೆ.

ಪ್ಲೇಟ್ ಮೇಲಿರುವ ಗಾಡಿಯನ್ನು ತಗ್ಗಿಸಲು ಹೌಸಿಂಗನ್ನು ಪ್ಲೇಟಿನ ಮೇಲಕ್ಕೆ ತರುತ್ತಾರೆ. ಅದಕ್ಕೆ ಹೌಸಿಂಗ್‌ನ ಕೆಳಬದಿಗೆ ಹೊಸ ಕೂರುಪಟ್ಟಿಯನ್ನು ಸರಿಯಾದ ಕೋನದಲ್ಲಿ ವೆಲ್ಡ್ ಮಾಡಬೇಕು. ಒಬ್ಬ ಬುದ್ಧಿವಂತ ವೆಲ್ಡಿಂಗ್ ಉಳಿಸಲು ಹೌಸಿಂಗನ್ನೇ ಮಗುಚಿ ಹಾಕಿದ್ದ. ಒಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನ್‌ನ ಬದಿ ಬದಲಾದ್ದರಿಂದ ಚಕ್ರಗಳು ಉಲ್ಟಾ ತಿರುಗಿ, ಗಾಡಿಗೆ ಒಂದು ಫಾರ್ವರ್ಡ್ ಗೇರ್, ಐದು ರಿವರ್ಸ್ ಗೇರ್ ಸಿಕ್ಕಿತು. ಹೌಸಿಂಗನ್ನು ಪ್ಲೇಟಿನ ಮೇಲೆ ತರುವ ವಿಧಾನದಲ್ಲಿ ಹೌಸಿಂಗ್‌ನ ದಪ್ಪ, ಪ್ಲೇಟ್ ಸೆಟ್‌ನ ದಪ್ಪ ಎರಡೂ ಸೇರಿ ಗಾಡಿ ಇಳಿಯುವುದರಿಂದ ಹೆಚ್ಚಿನ ಕಡೆ ಹೌಸಿಂಗ್ ಚಾಸಿಸ್‌ಗೇ ತಾಗುತ್ತದೆ. ಆಗ ಚಾಸಿಸ್‌ಗೆ ಅರ್ಧಚಂದ್ರದ ಹಾಗೆ ಕಚ್ಚು ಹಾಕಿ ಸುತ್ತ ದಪ್ಪ ತಗಡು ಕೂರಿಸುವುದು ಅಮೆರಿಕದಲ್ಲಿ ರೂಢಿ. ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಿಂದಲೂ ಡಾಟ್ಸನ್, ಟೊಯೊಟಾ, ಇಸುಜು ಕಟ್ಟಿಕೊಡುತ್ತಿದ್ದ ಷೆವರ್ಲೆ ಎಲ್‌ಯುವಿ ಮುಂತಾದ ಸಣ್ಣ ಪಿಕಪ್‌ಗಳನ್ನು ಹೀಗೆ ನೆಲಕ್ಕೆ ತಾಗಿಸುತ್ತಾ ಬಂದಿದ್ದಾರೆ. ಅವರ ರಸ್ತೆ ಅವರಿಗೆ. ರಸ್ತೆಗಿಳಿಯುವ ಗಾಡಿಯ ಚಾಸಿಸ್ ಕತ್ತರಿಸಿ ಕೊಡಿ ಎಂದು ಯಾರು ಕೇಳಿದರೂ ನಾನು ಕೊಡುವುದಿಲ್ಲ, ಎಷ್ಟೇ ಕೊಟ್ಟರೂ.

ಪ್ಲೇಟ್‌ನ ಹಿಂದಿನ ಕಣ್ಣನ್ನು ಚಾಸಿಸ್‌ಗೆ ಜೋಡಿಸುವ ಶ್ಯಾಕಲ್ ಬದಲಾಯಿಸುವುದು ಇನ್ನೊಂದು ದಾರಿ. ಶ್ಯಾಕಲ್‌ನಲ್ಲಿ ಎರಡು ಇಂಚು ಬದಲಾದರೆ ಆಕ್ಸಲ್ ಬಳಿ ಬರುವುದು ಸುಮಾರು ಒಂದು ಇಂಚು ಮಾತ್ರ. ಭಾರ ಹೇರಿದಾಗ ಶ್ಯಾಕಲ್ ಮಲಗಿ ಚಾಸಿಸ್‌ಗೆ ತಾಗಿದರೆ ಸ್ಪ್ರಿಂಗ್ ಉದ್ದವಾಗಲು ಜಾಗವಿಲ್ಲದೆ ಕಟ್ಟಿಹೋಗುತ್ತದೆ, ಆ ಏಟು ಬಂಪ್ ರಬ್ಬರ್‌ನ ಏಟಿಗಿಂತ ಕೆಟ್ಟದ್ದು.

ಪ್ಲೇಟ್‌ಗೆ ಬೆಂಕಿ ತೋರಿಸಿ ಬಾಗಿಸುವುದು ಮಾತ್ರ ಬೇಡ. ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿದ ಜಾಗದಲ್ಲಿ ಸ್ಪ್ರಿಂಗ್ ಉಕ್ಕು ತನ್ನ ಹದ ಕಳೆದುಕೊಂಡು ಬರೀ ಕಬ್ಬಿಣದ ಪಟ್ಟಿಯಾಗುತ್ತದೆ. ಬಾಗು ಬದಲಾಗಬೇಕಿದ್ದರೆ ಪ್ಲೇಟ್ ಕಟ್ಟುವ ಅಂಗಡಿಯಲ್ಲಿ, ಕುಲುಮೆಯಲ್ಲಿ ಹದ ಹಾಕಿ ಮಾಡಿಸಬೇಕು. ದಪ್ಪ ಬದಲಿಸುವ ಮುನ್ನ ಇನ್ನೊಂದು ಲೆಕ್ಕ: ಪ್ಲೇಟಿನ ಗಟ್ಟಿತನ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 7 ಮಿಲಿಮೀಟರಿನ ಜಾಗದಲ್ಲಿ 8 ಮಿಲಿಮೀಟರ್ ಹಾಕಿದರೆ ಆ ಪ್ಲೇಟ್ ಹೆಚ್ಚುಕಡಿಮೆ ಒಂದೂವರೆ ಪಟ್ಟು ಗಟ್ಟಿ. ಒಂದೇ ಮಿಲಿಮೀಟರ್ ತಾನೇ ಎನ್ನುವವರಿಗೆ ಇದು ತಿಳಿದಿರುವುದಿಲ್ಲ.

ಹುಡುಗನ ಗಾಡಿಯಲ್ಲಿ ಪ್ಲೇಟ್ ಕೆಳಗಿತ್ತು. ನಡುವೆ 50 ಮಿಲಿಮೀಟರ್ ಬ್ಲಾಕ್. ತುಕ್ಕಿಲ್ಲದ ಬ್ಲಾಕ್ ನೋಡಿ ಆಶ್ಚರ್ಯವಾಗಿ ಉಗುರಿನಿಂದ ಕೆರೆದೆ. ಮರ! ಕಪ್ಪು ಬಣ್ಣ ಬಳಿದ ಕಿರಾಲುಬೋಗಿಯ ತುಂಡು. ಮನೆಯ ತೊಲೆಗೆ ಅದಕ್ಕಿಂತ ಒಳ್ಳೆಯ ಮರವಿಲ್ಲ, ಒಪ್ಪುತ್ತೇನೆ. ಆದರೆ ಯು ಬೋಲ್ಟ್ ಬಿಗಿತಕ್ಕೆ ಮರ ಮೆಲ್ಲಮೆಲ್ಲನೆ ಕುಗ್ಗಿ, ಬೋಲ್ಟ್ ಸಡಿಲವಾಗಿ, ಹೌಸಿಂಗ್ ಅರ್ಧ ಇಂಚು ಹಿಂದೆ ಸರಿದಿತ್ತು. ಬ್ಲಾಕ್ ಉಕ್ಕಿನದೇ ಆಗಬೇಕು, ಒಂದೇ ತುಂಡು ಆಗಬೇಕು, ಮೇಲೆ ಗುಬಟು ಕೆಳಗೆ ತೂತು ಇದ್ದು ಸೆಂಟರ್ ಬೋಲ್ಟ್‌ನ ತಲೆ ಸರಿಯಾಗಿ ಕೂರಬೇಕು. ಎರಡು ಬ್ಲಾಕ್ ಒಂದರ ಮೇಲೊಂದು ಇಡುವಂತಿಲ್ಲ.

ಲೆಕ್ಕ ಹೀಗೆ ಕೂಡಿಬಂತು: 50ರ ಬದಲು 25 ಮಿಲಿಮೀಟರ್ ಉಕ್ಕಿನ ಬ್ಲಾಕ್, ಅದರಿಂದ 25. ಬಂಪ್ ರಬ್ಬರ್‌ನ ತುದಿಯಿಂದ 20 ಮಿಲಿಮೀಟರ್ ಕತ್ತರಿಸಿದ್ದು, ಅದರಿಂದ 20. ಇದ್ದ 28 ಸೇರಿ 73. ರಬ್ಬರನ್ನು ಸಾಬೂನು ನೀರು ಹಾಕುತ್ತಾ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದರೆ ಬೆಣ್ಣೆಯಂತೆ ಕತ್ತರಿಸುತ್ತದೆ. ಕತ್ತರಿಸಬಹುದು, ಕಿತ್ತು ಬಿಸಾಡಬಾರದು. ರಬ್ಬರ್ ಇಲ್ಲದ ಚಾಸಿಸ್‌ಗೆ ಹೌಸಿಂಗ್ ಬಡಿದರೆ ಮೊದಲು ಬಿರುಕು ಬಿಡುವುದು ಚಾಸಿಸ್.

ಬಿಚ್ಚುವುದು, ಆಡಿಸಿ ನೋಡುವುದು

ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದಿನ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಜಾಕಿ ಎತ್ತಿ, ಚಾಸಿಸ್‌ನ ಕೆಳಗೆ ಉಕ್ಕಿನ ಸ್ಟ್ಯಾಂಡ್ ಕೊಡಿ. ನಮ್ಮ ಊರಿನಲ್ಲಿ ಎಲ್ಲಿ ನೋಡಿದರೂ ಮುರಕಲ್ಲು (ಗೋಡೆ ಕಟ್ಟುವ ಕೆಂಪುಕಲ್ಲು) ಬಿದ್ದಿರುತ್ತದೆ, ಅದನ್ನೇ ಎರಡು ಜೋಡಿಸಿ ಗಾಡಿ ನಿಲ್ಲಿಸುವ ಅಭ್ಯಾಸವೂ ಇದೆ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಕಲ್ಲು, ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಅದರ ಕೆಳಗೆ ಮಲಗಬೇಡಿ.

ಹೌಸಿಂಗನ್ನು ಇನ್ನೊಂದು ಜಾಕಿಯ ಮೇಲೆ ಹೊರಿಸಿ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ತೆಗೆಯಿರಿ. ಯು ಬೋಲ್ಟ್ ತುಕ್ಕು ಹಿಡಿದಿದ್ದರೆ ಎಣ್ಣೆ ಹಾಕಿ ಅರ್ಧ ದಿನ ಕಾಯುವ ಪ್ರಶ್ನೆಯಿಲ್ಲ, ಕತ್ತರಿಸಿ. ಹೇಗೂ ಹೊಸದೇ ಹಾಕಬೇಕು. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಎರಡನೆಯ ಸಲ ಬಿಗಿ ಹಿಡಿಯುವುದಿಲ್ಲ. ಹತ್ತಿರ ವೆಲ್ಡಿಂಗ್ ನಡೆಯುತ್ತಿದ್ದರೆ ಪ್ಲೇಟ್ ಸೆಟ್‌ಗೆ ಒದ್ದೆ ಗೋಣಿ ಹೊದಿಸಿ. ಭಾರ ಬಿದ್ದಾಗ ಪ್ಲೇಟಿನ ಮೇಲ್ಮೈ ಹಿಗ್ಗುತ್ತದೆ, ಅಲ್ಲಿ ಒಂದು ಕಿಡಿ ಬಿದ್ದು ಚುಕ್ಕೆಯಾದರೆ ವರ್ಷದೊಳಗೆ ಬಿರುಕು ಅಲ್ಲಿಂದಲೇ ಹೊರಡಬಹುದು.

ಈಗ ಬಹಳ ಜನ ಬಿಟ್ಟುಬಿಡುವ ಹಂತ. ಪ್ಲೇಟ್ ಸೆಟ್ ಬಿಚ್ಚಿರುವಾಗಲೇ ಕತ್ತರಿಸಿದ ಬಂಪ್ ರಬ್ಬರನ್ನು ಜಾಗದಲ್ಲಿಟ್ಟು, ಚಕ್ರ ಹಾಕಿ, ಜಾಕಿಯಿಂದ ಹೌಸಿಂಗನ್ನು ನಿಧಾನವಾಗಿ ಎತ್ತಿ ರಬ್ಬರ್ ಚೆನ್ನಾಗಿ ಒತ್ತುವವರೆಗೆ ತನ್ನಿ. ಸುತ್ತ ಒಂದು ಸುತ್ತು ಬಂದು ನೋಡಿ. ಸೈಲೆನ್ಸರ್ ಪೈಪಿಗೆ ಹೌಸಿಂಗ್ ತಾಗುತ್ತಿದೆಯೇ? ಬ್ರೇಕ್ ಪೈಪ್ ಎಲ್ಲಾದರೂ ನಜ್ಜಾಗುತ್ತಿದೆಯೇ? ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅಡ್ಡಪಟ್ಟಿಗೆ ಬಡಿಯುತ್ತಿದೆಯೇ? ಟೈರಿಗೂ ಟ್ರೇಯ ಅಡಿಗೂ ನಡುವೆ ಬೆರಳು ಹೋಗುತ್ತದೆಯೇ? ಒಂದು ಬದಿಯನ್ನು ಮಾತ್ರ ಎತ್ತಿಯೂ ನೋಡಿ, ತಿರುವಿನಲ್ಲಿ ಆಗುವುದು ಅದೇ. ಆಮೇಲೆ ಪೂರ್ತಿ ಕೆಳಗಿಳಿಸಿ ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದುಕೊಳ್ಳುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಹುಡುಗನ ಗಾಡಿಯಲ್ಲಿ ಸೈಲೆನ್ಸರ್ ಪೈಪ್ ತಾಗುತ್ತಿತ್ತು. ಅವನು ಆರು ತಿಂಗಳಿಂದ ಕೇಳುತ್ತಿದ್ದ ಎರಡನೆಯ ಸದ್ದು ಅದು.

ಶಾಕ್ ಅಬ್ಸಾರ್ಬರ್‌ನ ಲೆಕ್ಕವನ್ನೂ ಆಗಲೇ ಮಾಡಿ. ಹೌಸಿಂಗ್ ರಬ್ಬರಿಗೆ ಒತ್ತಿ ನಿಂತಾಗಲೂ ಶಾಕ್ ಪೂರ್ತಿ ಮುಚ್ಚಿಕೊಳ್ಳದೆ 12 ಮಿಲಿಮೀಟರ್ ಆದರೂ ಉಳಿದಿರಬೇಕು. ಇಲ್ಲವಾದರೆ ಏಟನ್ನು ರಬ್ಬರ್ ಬದಲು ಶಾಕ್ ತಿನ್ನುತ್ತದೆ; ಎಣ್ಣೆ ಸೋರಿ ಎರಡು ತಿಂಗಳಿಗೊಂದು ಶಾಕ್ ಬದಲಿಸುವವರ ರೋಗ ಇದೇ. ನಮ್ಮ ಲೆಕ್ಕದಲ್ಲಿ 73ಕ್ಕೆ, ರಬ್ಬರ್ ಕುಗ್ಗುವ 15, ಉಳಿಕೆ 12 ಸೇರಿ, ಗಾಡಿ ಖಾಲಿ ನಿಂತಾಗ ಶಾಕ್‌ನಲ್ಲಿ 100 ಮಿಲಿಮೀಟರ್ ಒಳಹೋಗುವ ಜಾಗ ಬೇಕು. ಇಲ್ಲದಿದ್ದರೆ ಗಿಡ್ಡ ಶಾಕ್ ಹುಡುಕಿ, ಅಥವಾ ಮೇಲಿನ ಬ್ರಾಕೆಟ್ ಎತ್ತರಿಸಿ.

ಜೋಡಿಸುವಾಗ

ಹೊಸ ಸೆಂಟರ್ ಬೋಲ್ಟ್, ಕಣ್ಣಿನೊಳಗೆ ಹೊಸ ರಬ್ಬರ್ ಬುಷ್, ಹೊಸ ಯು ಬೋಲ್ಟ್. ಯು ಬೋಲ್ಟ್ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಅಡ್ಡವಾಗಿ, ಮೂರು ನಾಲ್ಕು ಸುತ್ತಿನಲ್ಲಿ ಸಮನಾಗಿ ಬಿಗಿಯಿರಿ. ಕೊನೆಯ ಬಿಗಿತ ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ, ಟಾರ್ಕ್ ರೆಂಚಿನಿಂದ. ಪ್ಲೇಟ್‌ನ ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್‌ಗಳನ್ನು ಮಾತ್ರ ಗಾಡಿ ಗಾಳಿಯಲ್ಲಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ನೆಲಕ್ಕೆ ತಾಗಿ ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿಯಬೇಕು. ರಬ್ಬರ್ ಬುಷ್ ಬಿಗಿದ ಸ್ಥಾನವನ್ನೇ ತನ್ನ ಮನೆ ಎಂದುಕೊಳ್ಳುತ್ತದೆ. ಗಾಳಿಯಲ್ಲಿ ಬಿಗಿದರೆ ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಹೌಸಿಂಗ್ ನೇರ ಕೂತಿದೆಯೇ ಎಂದು ತಿಳಿಯಲು ಮುಂದಿನ ಕಣ್ಣಿನ ಬೋಲ್ಟ್‌ನಿಂದ ಹೌಸಿಂಗ್‌ವರೆಗೆ ಎರಡೂ ಬದಿ ಟೇಪ್ ಹಿಡಿಯಿರಿ. 3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ.

ಶಾಫ್ಟಿನ ಕೋನಕ್ಕೆ ಮೊಬೈಲ್ ಸಾಕು. ಅದರ ಕವರ್ ತೆಗೆದು, ಮಟ್ಟಗೋಲಿನ ಆ್ಯಪ್ ತೆರೆದು, ಗೇರ್‌ಬಾಕ್ಸ್ ತುದಿ, ಶಾಫ್ಟ್, ಹೌಸಿಂಗ್ ನಡುವಿನ ಡಿಫರೆನ್ಷಿಯಲ್‌ನ ಮೂತಿ ಮೂರರ ಓರೆಯನ್ನೂ ಬರೆದುಕೊಳ್ಳಿ. ಒಂದೇ ತುಂಡಿನ ಶಾಫ್ಟ್ ಆದರೆ ಎರಡೂ ತುದಿಯ ಕೀಲುಗಳಾದ ಕ್ರಾಸ್‌ಗಳಲ್ಲಿ ಕೋನ ಸರಿಸುಮಾರು ಸಮನಾಗಿರಬೇಕು, ವ್ಯತ್ಯಾಸ ಒಂದು ಡಿಗ್ರಿಯೊಳಗೆ. ಪ್ರತಿಯೊಂದೂ 3 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ಪ್ಲೇಟ್ ಸೆಟ್ ಇರುವ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಡಿಫರೆನ್ಷಿಯಲ್ ಮೂತಿ ಮೇಲೇಳುವುದರಿಂದ ನಿಂತಾಗ ಅದು ಒಂದೆರಡು ಡಿಗ್ರಿ ಬಗ್ಗಿದ್ದರೆ ಒಳಿತು. ತಪ್ಪಿದ್ದರೆ ಉಕ್ಕಿನ ಆಪು (ಒಂದು ಬದಿ ದಪ್ಪ, ಇನ್ನೊಂದು ತೆಳು) ತುಂಡು ಕೊಟ್ಟು ಸರಿಪಡಿಸಿ, ಮತ್ತೆ ಅಳೆಯಿರಿ. ಅಲ್ಯೂಮಿನಿಯಂ ಆಪು ಒಡೆಯುತ್ತದೆ. ಶಾಫ್ಟ್ ಎರಡು ತುಂಡಿನದಾಗಿದ್ದರೆ ಸೆಂಟರ್ ಬೇರಿಂಗ್‌ನ ಎತ್ತರವನ್ನೂ ನೋಡಬೇಕಾಗುತ್ತದೆ. ಐವತ್ತು ಅರವತ್ತರ ವೇಗದಲ್ಲಿ ಸೀಟಿನಡಿ ಗುಂಯ್‌ಗುಟ್ಟುವ ನಡುಕ ಬಂದರೆ ಚಕ್ರದ ಬ್ಯಾಲೆನ್ಸ್ ಮಾಡಿಸಿ ದುಡ್ಡು ಕಳೆಯುವ ಮುಂಚೆ ಈ ಕೋನಗಳನ್ನು ಅಳೆಯಿರಿ.

ಬ್ರೇಕಿನ ಕಡ್ಡಿ

ನನ್ನದೇ ತಪ್ಪು ಹೇಳುತ್ತೇನೆ. ಬಹಳ ವರ್ಷದ ಹಿಂದೆ, ತಗ್ಗಿಸಿದ ಪಿಕಪ್ ಒಂದರ ಕೆಲಸ ಮುಗಿಸಿ ಆಟಿ ತಿಂಗಳ ಜೋರು ಮಳೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪರೀಕ್ಷೆಗೆ ಹೋಗಿದ್ದೆ. ಕಾಪು ಹತ್ತಿರ ದನ ಅಡ್ಡ ಬಂತು. ಬ್ರೇಕ್ ಒತ್ತಿದ್ದು ಮೆಲ್ಲಗೇ, ಆದರೂ ಹಿಂದಿನ ಎರಡು ಚಕ್ರ ಲಾಕ್ ಆಗಿ, ಹಿಂಭಾಗ ಜಾರಿ, ಅಲ್ಲಿನ ಕಡಲತೀರದ ಲೈಟ್‌ಹೌಸ್ ನೋಡಲು ಹೊರಟವನ ಹಾಗೆ ಗಾಡಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಹಾಗಾಗಿ ಈಗ ಬರೆಯುತ್ತಿದ್ದೇನೆ.

ಹೆಚ್ಚಿನ ಪಿಕಪ್‌ಗಳಲ್ಲಿ ಚಾಸಿಸ್‌ಗೆ ಒಂದು ವಾಲ್ವ್ ಇದ್ದು, ಅದರಿಂದ ಒಂದು ಕಡ್ಡಿ ಹೌಸಿಂಗ್‌ಗೆ ಬಂದಿರುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಎಂದು ಅದರ ಹೆಸರು. ಗಾಡಿ ಖಾಲಿಯಿದ್ದಾಗ ಚಾಸಿಸ್ ಎತ್ತರದಲ್ಲಿರುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ. ಭಾರ ಬಿದ್ದು ಚಾಸಿಸ್ ತಗ್ಗಿದಾಗ ಕಡ್ಡಿ ಸರಿದು ಹೆಚ್ಚು ಒತ್ತಡ ಬಿಡುತ್ತದೆ. ನೀವು ಬ್ಲಾಕ್ ಇಟ್ಟು ಗಾಡಿ ತಗ್ಗಿಸಿದರೆ ಅದಕ್ಕೇನು ಗೊತ್ತು? ಖಾಲಿ ಗಾಡಿಯನ್ನೇ ತುಂಬಿದ ಗಾಡಿ ಎಂದು ನಂಬಿ ಹಿಂದಿನ ಬ್ರೇಕಿಗೆ ಪೂರ್ತಿ ಬಲ ಕೊಡುತ್ತದೆ. ಒಣ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಮಳೆಯಲ್ಲಿ ಗೊತ್ತಾಗುತ್ತದೆ.

ಆದ್ದರಿಂದ ಎತ್ತರ ಎಷ್ಟು ಬದಲಾಯಿತೋ ಅಷ್ಟಕ್ಕೆ ತಕ್ಕಂತೆ ಆ ಕಡ್ಡಿಯ ಉದ್ದವನ್ನೋ ಬ್ರಾಕೆಟ್ಟನ್ನೋ ಸರಿಹೊಂದಿಸಿ, ಖಾಲಿ ಗಾಡಿಯಲ್ಲಿ ವಾಲ್ವ್‌ನ ತೋಳು ಮೂಲದಲ್ಲಿ ಇದ್ದ ಸ್ಥಾನಕ್ಕೇ ಬರುವಂತೆ ಮಾಡಬೇಕು. ಪ್ಲೇಟ್ ದಪ್ಪ ಮಾಡಿ ಗಟ್ಟಿ ಮಾಡಿದ್ದರೆ ಇನ್ನೊಂದು ಗಂಟು: ಭಾರ ಹೇರಿದರೂ ಗಾಡಿ ಹೆಚ್ಚು ತಗ್ಗುವುದಿಲ್ಲ, ವಾಲ್ವ್ ಭಾರವನ್ನು ಓದುವುದೇ ಇಲ್ಲ, ತುಂಬಿದ ಗಾಡಿಗೆ ಹಿಂದಿನ ಬ್ರೇಕ್ ಸಾಲದೆ ಹೋಗುತ್ತದೆ. ಪ್ಲೇಟ್ ಗಟ್ಟಿ ಮಾಡಲು ನಾನು ಹಿಂಜರಿಯುವುದು ಮುಖ್ಯವಾಗಿ ಇದಕ್ಕೇ. ಕೊನೆಗೆ ಪ್ರೆಶರ್ ಗೇಜ್ ಇರುವ ಸರ್ವಿಸ್ ಸೆಂಟರಿನಲ್ಲಿ ಮುಂದಿನ, ಹಿಂದಿನ ಒತ್ತಡವನ್ನು ಕೈಪಿಡಿಯ ಅಳತೆಗೆ ಹೋಲಿಸಿ ನೋಡಿಸಿ. ಈ ಕೆಲಸವನ್ನು ಅಂದಾಜಿನಲ್ಲಿ ಮಾಡಬೇಡಿ.

ಹಿಂಭಾಗ ತಗ್ಗಿದರೆ ಹೆಡ್‌ಲೈಟ್ ಆಕಾಶ ನೋಡುತ್ತದೆ. ಎದುರಿನವರ ಬೈಗುಳ ಕೇಳುವ ಮುಂಚೆ ಅದನ್ನೂ ತಗ್ಗಿಸಿ.

ಪರೀಕ್ಷೆ

ಹುಡುಗನ ಗಾಡಿಗೆ ಬ್ರೇಕಿನ ಕೆಲಸ ಮುಗಿದ ಮೇಲೆ ಆರು ಮೂಟೆ ಸಿಮೆಂಟ್ ಹೇರಿ, ಹೊಸ ಹಿಟ್ಟು ಕೂರಿಸಿದೆವು. ನಿಂತಾಗ ಜಾಗ 36 ಮಿಲಿಮೀಟರ್. ಲೆಕ್ಕಕ್ಕೆ ಒಂದು ಮಿಲಿಮೀಟರ್ ಹೆಚ್ಚು, ಹೊಸ ಬುಷ್‌ನದ್ದಿರಬೇಕು. ಅವನ ತೋಟದ ದಾರಿ ಯಾವ ಘಾಟಿಗೂ ಕಡಿಮೆಯಿಲ್ಲ: ಮುರಕಲ್ಲಿನ ಮೆಟ್ಟಿಲಿನಂಥ ಏರು, ಮಳೆನೀರು ಕೊರೆದ ಚರಂಡಿಗಳು, ಅಡಿಕೆ ಅಂಗಳಕ್ಕೆ ಹೋಗುವಲ್ಲಿ ಎರಡು ಕಡಿದಾದ ತಿರುವು. ಎರಡು ಸಲ ಹತ್ತಿ ಇಳಿದೆವು. ಟೈರು ಎಲ್ಲೂ ಉಜ್ಜಲಿಲ್ಲ. ಗೇಟಿನ ಬಳಿ ಗಾಡಿ ನಿಲ್ಲಿಸಿ ಹಿಟ್ಟು ತೆಗೆದು ಬ್ಲೇಡಿನಿಂದ ಕತ್ತರಿಸಿ ಅಳೆದೆವು: ಎಡಕ್ಕೆ 9 ಮಿಲಿಮೀಟರ್, ಬಲಕ್ಕೆ 11.

“ಅಂದರೆ ಇನ್ನೂ ಒಂಬತ್ತು ಮಿಲಿಮೀಟರ್ ಇಳಿಸಬಹುದಲ್ಲವೇ ಅಣ್ಣಾ?” ಎಂದ. ಮೂಟೆಗಳನ್ನು ಅವನ ಕೈಯಲ್ಲೇ ಇಳಿಸಿಸಿದೆ.

ಸುಮಾರು 150 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚಿನಿಂದ ನೋಡಲೇಬೇಕು. ಹೊಸ ಬ್ಲಾಕ್, ಹೊಸ ಪ್ಲೇಟ್ ಒತ್ತಿ ಕೂರುವಾಗ ಬಿಗಿತ ಸ್ವಲ್ಪ ಇಳಿಯುತ್ತದೆ. ಬಿಗಿದಾದ ಮೇಲೆ ಪ್ರತಿ ನಟ್ಟಿನಿಂದ ಬೋಲ್ಟ್‌ನ ತುದಿಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೀನು ಇಳಿಸಿ ಬಂದ ದಿನ ಸಿಹಿನೀರಿನಲ್ಲಿ ಅಡಿಭಾಗ ತೊಳೆಯುವಾಗ ಗೆರೆ ಒಂದೇ ನೇರದಲ್ಲಿದೆಯೇ ಎಂದು ಬಗ್ಗಿ ನೋಡಿದರೆ ಸಾಕು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ, ಗಾಡಿ ತೆಗೆಯಬೇಡಿ.